ಬೋಟ್‌ನಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡ್ಬೇಕಾ? ನೀರಿನ ಮಧ್ಯೆ ನೆಟ್ ಚೆನ್ನಾಗಿ ಸಿಗೋ ಹಾಗೆ ಮಾಡ್ಕೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಹೌಸ್‌ಬೋಟ್ ಬುಕ್ ಮಾಡುವಾಗ ವೈಫೈ ಇದ್ಯಾ ಅಂತ ಕೇಳಿದ್ರೆ ಇದೆ ಸಾರ್ ಅಂತಾನೇ ಹೇಳ್ತಾರೆ, ಅದು ಸುಳ್ಳೂ ಅಲ್ಲ, ಆದ್ರೆ ಆ ವೈಫೈ ಅಂದ್ರೆ ಮುಕ್ಕಾಲು ಪಾಲು ಕಡೆ ಒಂದು ಸಿಮ್ ಹಾಕಿರೋ ಚಿಕ್ಕ ರೂಟರ್ ಅಷ್ಟೇ, ಅದಕ್ಕೂ ದಡದ ಮೇಲಿರೋ ಟವರ್‌ನಿಂದಾನೇ ಸಿಗ್ನಲ್ ಬರ್ಬೇಕು. ನಂದು ಬೆಂಗಳೂರಲ್ಲಿ ಸಾಫ್ಟ್‌ವೇರ್ ಸಪೋರ್ಟ್ ಕೆಲಸ, ರಜೆ ಹಾಕಿದ್ರೂ ಕೆಲವು ಸಲ ಲ್ಯಾಪ್‌ಟಾಪ್ ಜೊತೆಗೇ ಇರ್ಬೇಕಾಗತ್ತೆ. ಕೇರಳದ ಆಲಪ್ಪುಳದ ಹಿನ್ನೀರಿಗೆ, ನಮ್ಮ ಉಡುಪಿ ಕಡೆ ಕೋಡಿ ಬೆಂಗ್ರೆಯ ಸ್ವರ್ಣಾ ನದಿಗೆ ಮನೆಯವರ ಜೊತೆ ಹೋಗ್ತಾ ಬರ್ತಾ ಕಲಿತಿದ್ದನ್ನೆಲ್ಲ ಇಲ್ಲಿ ಒಂದೇ ಕಡೆ ಬರೀತಿದೀನಿ, ಯಾಕಂದ್ರೆ ಈ ವಿಷಯ ಗೊತ್ತಿಲ್ದೆ ಜನ ಸುಮ್ನೆ ಸಾವಿರಾರು ರೂಪಾಯಿ ಕೊಟ್ಟು ಬೇಡದ ಸಾಮಾನು ತಗೊಳ್ತಾರೆ, ಅದು ನೋಡಿದ್ರೆ ನಂಗೆ ಬೇಜಾರಾಗತ್ತೆ.

ಮೊದಲು ಒಂದು ವಿಷಯ ತಲೇಲಿ ಕೂರಿಸ್ಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ಗೆ ನೆಟ್ ಬರೋದು ಎರಡು ಹಂತದಲ್ಲಿ. ಟವರ್‌ನಿಂದ ಬೋಟಿನ ಮೇಲಿರೋ ಫೋನಿಗೋ ರೂಟರ್‌ಗೋ ಒಂದು ಹಂತ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಇನ್ನೊಂದು. ಲ್ಯಾಪ್‌ಟಾಪ್‌ನಲ್ಲಿ ವೈಫೈ ಫುಲ್ ತೋರಿಸ್ತಿದ್ರೆ ಎರಡನೇದು ಚೆನ್ನಾಗಿದೆ ಅಂತ ಮಾತ್ರ ಅರ್ಥ, ಮೊದಲನೇದ್ರ ಬಗ್ಗೆ ಅದು ಏನೂ ಹೇಳಲ್ಲ. ಬೋಟಲ್ಲಿ ಹತ್ತಕ್ಕೆ ಒಂಬತ್ತು ಸಲ ತೊಂದರೆ ಇರೋದು ಮೊದಲನೇ ಹಂತದಲ್ಲೇ, ಆದ್ರೂ ಜನ ಲ್ಯಾಪ್‌ಟಾಪ್ ಹಿಡ್ಕೊಂಡು ಡೆಕ್ ತುಂಬಾ ಓಡಾಡ್ತಾರೆ.

ಹೊರಡೋಕೆ ಮುಂಚೆ

ಎರಡು ಬೇರೆ ಬೇರೆ ಕಂಪನಿ ಸಿಮ್ ತಗೊಂಡೇ ಹೋಗಿ. ಒಂದೇ ಕಂಪನಿದು ಎರಡು ಇದ್ರೆ ಪ್ರಯೋಜನ ಇಲ್ಲ. ಜಿಯೋ 4ಜಿಗೆ 850, 1800, 2300 ಮೆಗಾಹರ್ಟ್ಜ್ ಬಳಸತ್ತೆ, ಏರ್‌ಟೆಲ್ 900, 1800, 2100, 2300 ಬಳಸತ್ತೆ, ಬಿಎಸ್‌ಎನ್‌ಎಲ್ ತನ್ನ 4ಜಿನ 700 ಮತ್ತು 2100ರಲ್ಲಿ ಕೊಡ್ತಿದೆ. ಈ ಒಂದೊಂದು ನಂಬರ್‌ಗೂ ಬ್ಯಾಂಡ್ ಅಂತಾರೆ, ಎಲ್ಲಾ ಬ್ಯಾಂಡ್ ಎಲ್ಲಾ ಊರಲ್ಲೂ ಇರಲ್ಲ, ಆದ್ರೆ ನಂಬರ್ ಕಮ್ಮಿ ಇದ್ದಷ್ಟೂ ಅಲೆ ದೂರ ಹೋಗತ್ತೆ, ತೆಂಗಿನ ತೋಟ ದಾಟ್ಕೊಂಡು ಬರೋ ಶಕ್ತೀನೂ ಜಾಸ್ತಿ. ಅದಕ್ಕೇ ಊರಲ್ಲಿ ಸ್ಲೋ ಅನ್ಸೋ ಸಿಮ್ ಹಿನ್ನೀರಲ್ಲಿ ಕೈ ಹಿಡಿಯೋದು ಉಂಟು.

ಟವರ್ ಎಲ್ಲೆಲ್ಲಿದೆ ಅಂತ ನೋಡೋಕೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್ ಇದೆ, ಸೆಲ್‌ಮ್ಯಾಪರ್ ಥರದ ಆಪ್‌ಗಳೂ ಇವೆ. ಬೋಟ್ ಹೋಗೋ ದಾರಿ ಮ್ಯಾಪಲ್ಲಿ ನೋಡ್ಕೊಂಡು, ಅದರ ಅಕ್ಕಪಕ್ಕ ದಡದಲ್ಲಿ ಟವರ್ ಯಾವ ಕಡೆ ಇದೆ ಅಂತ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಆಮೇಲೆ ಇದು ತುಂಬಾ ಉಪಯೋಗಕ್ಕೆ ಬರತ್ತೆ. ಕೆಲಸಕ್ಕೆ ಬೇಕಾದ ಫೈಲ್, ಡಾಕ್ಯುಮೆಂಟ್ ಎಲ್ಲಾ ಮನೇಲೇ ಡೌನ್‌ಲೋಡ್ ಮಾಡಿ.

ಕಡ್ಡಿ ನೋಡ್ಬೇಡಿ, ನಂಬರ್ ನೋಡಿ

ಫೋನ್ ಮೇಲೆ ಕಾಣೋ ಸಿಗ್ನಲ್ ಕಡ್ಡಿ ಒಂದೊಂದು ಫೋನಲ್ಲಿ ಒಂದೊಂದು ಥರ, ಅದನ್ನ ನಂಬಿ ಏನೂ ನಿರ್ಧಾರ ಮಾಡೋಕಾಗಲ್ಲ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಅಬೌಟ್ ಫೋನ್, ಅದರಲ್ಲಿ ಸಿಮ್ ಸ್ಟೇಟಸ್ ಅಂತ ಹೋದ್ರೆ ಡಿಬಿಎಂ (ಸಿಗ್ನಲ್ ಶಕ್ತಿ ಅಳೆಯೋ ಮಾನ) ಲೆಕ್ಕದಲ್ಲಿ ನಂಬರ್ ಸಿಗತ್ತೆ, ಇಲ್ಲಾ ಡಯಲ್ ಮಾಡೋ ಕಡೆ *#*#4636#*#* ಒತ್ತಿ (ಕೆಲವು ಫೋನಲ್ಲಿ ಇದು ಬರಲ್ಲ). ಐಫೋನ್‌ನಲ್ಲಿ *3001#12345#* ಒತ್ತಿ ಕಾಲ್ ಬಟನ್ ಒತ್ತಬೇಕು. ಆರ್‌ಎಸ್‌ಆರ್‌ಪಿ (RSRP) ಅನ್ನೋ ಸಾಲು ಹುಡುಕಿ, ಟವರ್ ಸಿಗ್ನಲ್ ಎಷ್ಟು ಜೋರಾಗಿ ಬರ್ತಿದೆ ಅನ್ನೋ ಲೆಕ್ಕ ಅದು. ಈ ನಂಬರ್ ಮೈನಸ್‌ನಲ್ಲಿ ಇರತ್ತೆ, ಸೊನ್ನೆ ಕಡೆ ಹೋದಷ್ಟೂ ಒಳ್ಳೇದು. ಮೈನಸ್ 80 ಅಂದ್ರೆ ಭರ್ಜರಿ, ಮೈನಸ್ 100ರ ತನಕ ಕೆಲಸ ಆರಾಮಾಗಿ ನಡೆಯತ್ತೆ, ಮೈನಸ್ 110 ದಾಟಿದ್ರೆ ಕಾಲ್ ತುಂಡು ತುಂಡಾಗತ್ತೆ, 120ರ ಹತ್ರ ಆಸೆ ಬಿಡಿ. 3 ಡಿಬಿ ಹೆಚ್ಚಾದ್ರೆ ಸಿಗ್ನಲ್ ಶಕ್ತಿ ಎರಡು ಪಟ್ಟು, 10 ಡಿಬಿಗೆ ಹತ್ತು ಪಟ್ಟು, ಹಾಗಾಗಿ ಮೈನಸ್ 112ರಿಂದ ಮೈನಸ್ 102ಕ್ಕೆ ಬಂದ್ರೆ ಅದು ಸಣ್ಣ ವಿಷಯ ಅಲ್ಲ.

ಅದರ ಪಕ್ಕದಲ್ಲೇ ಎಸ್‌ಐಎನ್‌ಆರ್ (SINR) ಅಂತ ಇನ್ನೊಂದು ನಂಬರ್ ಇರತ್ತೆ. ಬೇಕಾದ ಸಿಗ್ನಲ್ ಎಷ್ಟು, ಅದನ್ನ ಕೆಡಿಸೋ ಗಲಾಟೆ ಎಷ್ಟು ಅನ್ನೋ ಲೆಕ್ಕ ಅದು. 20ರ ಮೇಲಿದ್ರೆ ತುಂಬಾ ಒಳ್ಳೇದು, ಸೊನ್ನೆಗಿಂತ ಕೆಳಗೆ ಹೋದ್ರೆ ಕಷ್ಟ. ಇದರ ಕಥೆ ಸ್ವಲ್ಪ ಆಮೇಲೆ ಹೇಳ್ತೀನಿ.

ಎತ್ತರ, ಎತ್ತರ, ಎತ್ತರ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನ ನೆನಪಿಟ್ಕೊಳ್ಳಿ. ಸಿಗ್ನಲ್ ಹಿಡಿಯೋ ಸಾಮಾನು, ಅದು ಫೋನ್ ಆಗ್ಲಿ ಡಾಂಗಲ್ ಆಗ್ಲಿ ರೂಟರ್ ಆಗ್ಲಿ, ನೀರಿನ ಮಟ್ಟದಿಂದ ಎಷ್ಟು ಮೇಲೆ ಇದೆ ಅನ್ನೋದರ ಮೇಲೇ ಮುಕ್ಕಾಲು ಭಾಗ ನಿಂತಿರತ್ತೆ.

ಯಾಕೆ ಅಂದ್ರೆ, ಟವರ್‌ನಿಂದ ಸಿಗ್ನಲ್ ನೇರವಾಗಿ ಒಂದು ಬರತ್ತೆ, ನೀರಿಗೆ ಬಡಿದು ಮೇಲಕ್ಕೆ ಚಿಮ್ಮಿ ಇನ್ನೊಂದು ಬರತ್ತೆ. ನೀರು ಕನ್ನಡಿ ಥರ. ನೀವು ನೀರಿಗೆ ಹತ್ತಿರ ಇದ್ದು ಟವರ್ ದೂರ ಇದ್ರೆ ಈ ಎರಡೂ ಒಂದನ್ನೊಂದು ಹೊಡೆದು ಹಾಕ್ತವೆ, ಮೇಲಕ್ಕೆ ಹೋದ ಹಾಗೆ ಆ ಹೊಡೆತ ಕಮ್ಮಿ ಆಗತ್ತೆ. ಬಯಲು ನೀರಲ್ಲಿ ಟವರ್ ಎರಡು ಮೂರು ಕಿಲೋಮೀಟರ್‌ಗಿಂತ ಆಚೆ ಇದ್ರೆ ಎತ್ತರ ಎರಡು ಪಟ್ಟು ಮಾಡಿದ್ರೆ ಸುಮಾರು 6 ಡಿಬಿ ಲಾಭ, ಅಂದ್ರೆ ನಾಲ್ಕು ಪಟ್ಟು ಶಕ್ತಿ. ಒಂದು ಮೀಟರ್ ಎತ್ತರದ ಟೇಬಲ್ ಮೇಲಿಂದ ನಾಲ್ಕು ಮೀಟರ್ ಮೇಲಕ್ಕೆ ಏರಿಸಿದ್ರೆ ಲೆಕ್ಕದ ಪ್ರಕಾರ 12 ಡಿಬಿ. ಟವರ್ ಹತ್ರ ಇದ್ದಾಗ ಲೆಕ್ಕ ಬೇರೆ, ಆಗ ಒಂದು ಅಡಿ ಮೇಲೆ ಕೆಳಗೆ ಮಾಡಿದ್ರೇ ಸಿಗ್ನಲ್ ಏರುಪೇರಾಗತ್ತೆ, ಅದನ್ನ ಕೈಯಲ್ಲೇ ಹುಡುಕ್ಬೇಕು.

ಇದಕ್ಕೆ ಅತಿ ಕಮ್ಮಿ ಖರ್ಚಿನ ಉಪಾಯ ಹೇಳ್ತೀನಿ, ನಾನು ಕೈನಕರಿ ಹತ್ರ ಬೋಟ್ ಕಟ್ಟಿದ್ದ ಒಂದು ಸಂಜೆ ಮಾಡಿದ್ದು. ಒಳಗೆ ಊಟದ ಟೇಬಲ್ ಮೇಲೆ ಫೋನ್ ಇಟ್ರೆ ಮೈನಸ್ 113 ತೋರಿಸ್ತಿತ್ತು, ಆಫೀಸಿನ ಕಾಲ್‌ನಲ್ಲಿ ನನ್ನ ಮಾತು ಆ ಕಡೆಯವ್ರಿಗೆ ಅರ್ಧಂಬರ್ಧ ಕೇಳ್ತಿತ್ತು. ಮಹಡಿ ಮೇಲೆ ಹೋದೆ, ಮೈನಸ್ 107. ಆಮೇಲೆ ಬೋಟ್ ಓಡಿಸೋ ಚೇಟ್ಟನ (ಮಲಯಾಳಂನಲ್ಲಿ ಅಣ್ಣ ಅಂತ) ಹತ್ರ ದೋಣಿ ತಳ್ಳೋ ಬಿದಿರಿನ ಗಳ ಇಸ್ಕೊಂಡು, ಫೋನ್‌ನ ವಾಟರ್‌ಪ್ರೂಫ್ ಪೌಚಿಗೆ ಹಾಕಿ, ಪೌಚಿನ ಎರಡೂ ಕಡೆ ಹಗ್ಗ ಬಿಗಿದು ಗಳದ ತುದಿಗೆ ಕಟ್ಟಿ, ಗಳನ ಮಹಡಿಯ ಕಂಬಕ್ಕೆ ಮೂರು ಕಡೆ ಗಂಟು ಹಾಕಿ ನಿಲ್ಸಿದ್ವಿ. ಫೋನ್ ಮೇಲೆ ಹೋದ್ಮೇಲೆ ನಂಬರ್ ಹೇಗೆ ನೋಡೋದು? ಇನ್ನೊಂದು ಫೋನಲ್ಲಿ ಹಾಟ್‌ಸ್ಪಾಟ್ ಹಿಡಿದು ಸ್ಪೀಡ್ ಟೆಸ್ಟ್ ಓಡಿಸಿ ನೋಡೋದು. ಆಮೇಲೆ ಇಡೀ ಕಾಲ್ ಒಂದ್ಸಲಾನೂ ಕಟ್ ಆಗ್ಲಿಲ್ಲ. ಒಂದು ಪೈಸೆಯ ಹೊಸ ಸಾಮಾನು ಬೇಕಾಗ್ಲಿಲ್ಲ, ಪೌಚ್ ಹೇಗೂ ತಂದಿದ್ವಿ.

ಆದ್ರೆ ಇಲ್ಲಿ ಒಂದು ವಿಷಯ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಆಲಪ್ಪುಳ ಕಡೆಯ ಕುಟ್ಟನಾಡಿನ ಕಾಲುವೆಗಳ ಮೇಲೆ ಈ ದಡದಿಂದ ಆ ದಡಕ್ಕೆ ಕರೆಂಟ್ ಲೈನ್ ಹಾದು ಹೋಗಿರತ್ತೆ. ಬೋಟ್ ಓಡ್ತಿರುವಾಗ ಗಳ, ಪೈಪ್, ಆಂಟೆನಾ ಯಾವುದನ್ನೂ ಎತ್ತಬಾರ್ದು, ಬೋಟ್ ಕಟ್ಟಿ ನಿಲ್ಸಿದ್ಮೇಲೆ ತಲೆ ಎತ್ತಿ ಸುತ್ತ ನೋಡಿ ಆಮೇಲೇ ಎತ್ತಬೇಕು. ಕಬ್ಬಿಣ, ಅಲ್ಯೂಮಿನಿಯಂ ಪೈಪ್ ಬೇಡವೇ ಬೇಡ, ಬಿದಿರು ಒದ್ದೆ ಆಗಿದ್ರೆ ಅದೂ ಅಪಾಯಾನೇ. ಗುಡುಗು ಕೇಳಿಸ್ತು ಅಂದ್ರೆ ತಕ್ಷಣ ಇಳಿಸಿ. ಕೆಲಸ ಹೋದ್ರೆ ಹೋಗ್ಲಿ.

ಬಿಸಿಲಲ್ಲೂ ಹುಷಾರು. ಮಧ್ಯಾಹ್ನ ಪೌಚಲ್ಲಿ ಫೋನ್ ಇಟ್ರೆ ಕಾದು ಹಂಚಾಗತ್ತೆ, ತಾನೇ ಸ್ಪೀಡ್ ಕಮ್ಮಿ ಮಾಡ್ಕೊಳ್ಳತ್ತೆ, ಕೊನೆಗೆ ಆಫ್ ಆಗತ್ತೆ, ನಂಗೆ ಎರಡು ಸಲ ಆಗಿದೆ. ಪೌಚ್ ಮೇಲೆ ಬಿಳಿ ಬಟ್ಟೆ ಸುತ್ತಿ, ಇಲ್ಲಾ ಸೂರಿನ ನೆರಳಲ್ಲಿ ಎತ್ತರದ ಜಾಗ ಹುಡುಕಿ.

ಬೋಟ್ ಎಲ್ಲಿ ಕಟ್ತಾರೆ ಅಂತ ಮಧ್ಯಾಹ್ನಾನೇ ಕೇಳಿ

ಆಲಪ್ಪುಳದಲ್ಲಿ ಹೌಸ್‌ಬೋಟ್ ಹೆಚ್ಚು ಕಮ್ಮಿ 12 ಗಂಟೆಗೆ ಹೊರಡತ್ತೆ, ಸಂಜೆ ಐದೂವರೆ ಆರರ ಹೊತ್ತಿಗೆ ಎಲ್ಲಾದ್ರೂ ಕಟ್ಟಿ ಹಾಕ್ತಾರೆ, ಯಾಕಂದ್ರೆ ಆಮೇಲೆ ಮೀನುಗಾರರು ಬಲೆ ಹಾಕೋ ಹೊತ್ತು. ಬೆಳಗ್ಗೆ ತನಕ ಬೋಟ್ ಅಲ್ಲೇ. ಅಂದ್ರೆ ರಾತ್ರಿ ಕೆಲಸ ಇರೋರಿಗೆ ಹದಿನೈದು ಗಂಟೆ ನೆಟ್ ಹೇಗಿರತ್ತೆ ಅನ್ನೋದು ಆ ಒಂದು ಜಾಗದ ಮೇಲೆ ನಿಂತಿದೆ. ಹತ್ತಿದ ತಕ್ಷಣ ಚೇಟ್ಟನ ಹತ್ರ ಮಾತಾಡಿ, ನಂಗೆ ರಾತ್ರಿ ಇಂಟರ್ನೆಟ್ ಬೇಕು, ರೇಂಜ್ ಇರೋ ಕಡೆ ಕಟ್ಟಿ ಅಂತ ಕೇಳಿ. ಅವ್ರು ದಿನಾ ಅಲ್ಲೇ ಓಡಾಡೋರು, ಯಾವ ತಿರುವಲ್ಲಿ ಯಾವ ಸಿಮ್ ಸಿಗತ್ತೆ ಅಂತ ಯಾವ ಆಪ್‌ಗಿಂತಲೂ ಚೆನ್ನಾಗಿ ಗೊತ್ತಿರತ್ತೆ. ಎರಡೂ ಕಡೆ ತೆಂಗು ಒತ್ತಾಗಿರೋ ಸಣ್ಣ ಕಾಲುವೆಗಿಂತ, ಒಂದು ಕಡೆ ಗದ್ದೆ ಬಯಲು ಇರೋ ಜಾಗ ಎಷ್ಟೋ ವಾಸಿ. ಕೋಡಿ ಬೆಂಗ್ರೆ ಕಡೇನೂ ಇದೇ ಮಾತು, ಕುದ್ರುವಿನ (ನದಿ ನಡುವಿನ ದ್ವೀಪದ) ಮರೆಯಲ್ಲಿ ಸಿಗ್ನಲ್ ಬೀಳತ್ತೆ, ಅಗಲವಾದ ನೀರಿಗೆ ಬಂದ ಕೂಡ್ಲೇ ಏಳತ್ತೆ.

ಸಿಗ್ನಲ್ ಫುಲ್, ಆದ್ರೂ ಪೇಜ್ ಓಪನ್ ಆಗ್ತಿಲ್ಲ

ವೇಂಬನಾಡ್ ಕೆರೆ ನಡುವೆ ಹೋದಾಗ ಇದು ಖಂಡಿತ ಅನುಭವಕ್ಕೆ ಬರತ್ತೆ. ಪಡುವಣದಲ್ಲಿ ಆಲಪ್ಪುಳ, ಮುಹಮ್ಮ ಊರಿನ ಕಡೆ ಟವರ್‌ಗಳು, ಮೂಡಣದಲ್ಲಿ ಕುಮರಕಂ ಕಡೆ ಟವರ್‌ಗಳು, ನಡುವೆ ತಡೆಯೋಕೆ ಒಂದು ಮರಾನೂ ಇಲ್ಲ. ಊರೊಳಗಾದ್ರೆ ಕಟ್ಟಡ ಅಡ್ಡ ಬಂದು ದೂರದ ಟವರ್ ಗಲಾಟೆ ತಡೆಯತ್ತೆ, ಇಲ್ಲಿ ಹತ್ತಾರು ಟವರ್ ಒಟ್ಟಿಗೇ ಕಿವಿಗೆ ಬೀಳತ್ತೆ. ಜಾತ್ರೆಲಿ ಎಲ್ಲಾ ದಿಕ್ಕಿಂದ ಮೈಕ್ ಹಾಕಿದ ಹಾಗೆ, ಸದ್ದು ಬೇಕಾದಷ್ಟಿದೆ, ಮಾತು ಮಾತ್ರ ತಿಳಿಯಲ್ಲ. ಆರ್‌ಎಸ್‌ಆರ್‌ಪಿ ಮೈನಸ್ 90 ಇದ್ದು ಎಸ್‌ಐಎನ್‌ಆರ್ 2 ಇದ್ರೆ ರೋಗ ಇದೇ. ಫೋನ್ ಒಂದು ಟವರ್‌ನಿಂದ ಇನ್ನೊಂದಕ್ಕೆ ಹಾರ್ತಾನೇ ಇರತ್ತೆ.

ಮದ್ದು ಏನು? ಇಲ್ಲಿ ಮಾತ್ರ ಎತ್ತರಕ್ಕಿಂತ ಮರೆ ಕೆಲಸ ಮಾಡತ್ತೆ. ಯಾವ ದಡದ ಟವರ್ ಹತ್ರ ಇದ್ಯೋ ಆ ಬದಿಗೆ ಫೋನ್ ಇಡಿ, ಇನ್ನೊಂದು ದಡಕ್ಕೆ ಬೋಟಿನ ಗೋಡೆ, ಇಂಜಿನ್ ರೂಮು, ನೀರಿನ ಟ್ಯಾಂಕು, ಸ್ಟೀಲ್ ಬೀರು ಏನಾದ್ರೂ ಅಡ್ಡ ಬರೋ ಹಾಗೆ ನೋಡ್ಕೊಳ್ಳಿ. ಇನ್ನೊಂದು, 5ಜಿ ಆಫ್ ಮಾಡಿ ಬರೀ 4ಜಿಗೆ ಇಡಿ. ನಮ್ಮಲ್ಲಿ 5ಜಿ ಹೆಚ್ಚಾಗಿ 3.5 ಗಿಗಾಹರ್ಟ್ಜ್ ಆಸುಪಾಸು ಓಡೋದು, ದೂರದ ನೀರಿಗೆ ಅದು ಬಂದು ಹೋಗಿ ಮಾಡತ್ತೆ, ಫೋನ್ 5ಜಿ 4ಜಿ ಅಂತ ಕುಣಿಯೋದ್ರಲ್ಲೇ ಕಾಲ್ ಕಟ್ ಆಗತ್ತೆ. ಸಿಮ್ ರೂಟರ್ ಇದ್ದು ಅದರಲ್ಲಿ ಬ್ಯಾಂಡ್ ಲಾಕ್ ಇದ್ರೆ ಒಂದೊಂದೇ ಬ್ಯಾಂಡ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. 850 ಅಥವಾ 900ರಲ್ಲಿ ನಂಬರ್ ಚೆನ್ನಾಗಿ ಕಂಡ್ರೂ ಆ ರಸ್ತೆ ಸಣ್ಣದು, ಜನ ಜಾಸ್ತಿ ಆದ್ರೆ ಜಾಮ್. 1800 ಸ್ವಲ್ಪ ವೀಕ್ ಇದ್ರೂ ಎಷ್ಟೋ ಸಲ ಅದೇ ಫಾಸ್ಟ್.

ಈಗ ಲ್ಯಾಪ್‌ಟಾಪ್ ಕಡೆ

ಫೋನ್ ಕೈಗೆ ಸಿಗೋ ಹತ್ರ ಇದ್ರೆ ಹಾಟ್‌ಸ್ಪಾಟ್ ಬಿಟ್ಟು ಯುಎಸ್‌ಬಿ ಟೆದರಿಂಗ್ ಮಾಡಿ (ಕೇಬಲ್‌ನಲ್ಲಿ ಜೋಡಿಸಿ ಫೋನಿನ ನೆಟ್ ಲ್ಯಾಪ್‌ಟಾಪ್‌ಗೆ ಕೊಡೋದು), ಫೋನ್ ಚಾರ್ಜೂ ಆಗತ್ತೆ, ಎರಡನೇ ಹಂತದ ತಲೆನೋವೇ ಇರಲ್ಲ. ಫೋನ್ ಗಳದ ಮೇಲಿದ್ರೆ ಹಾಟ್‌ಸ್ಪಾಟ್ ಬೇಕು. ಆಗ 5 ಗಿಗಾಹರ್ಟ್ಜ್ ಬ್ಯಾಂಡ್ ಹಾಕಿ ನೋಡಿ, ಯಾಕಂದ್ರೆ ಸಂಜೆ ಐದಾರು ಹೌಸ್‌ಬೋಟ್ ಸಾಲಾಗಿ ಕಟ್ಟಿರ್ತಾರೆ, ಎಲ್ಲರ ರೂಟರೂ ವೈಫೈನ ಇನ್ನೊಂದು ಬ್ಯಾಂಡ್ ಆದ 2.4 ಗಿಗಾಹರ್ಟ್ಜ್‌ನಲ್ಲೇ ಕೂಗ್ತಿರತ್ತೆ. 5 ದೂರ ಹೋಗಲ್ಲ, ಆದ್ರೆ ಕೆಟ್ಟುವಳ್ಳಂ ಅನ್ನೋ ಕೇರಳದ ಸಾಂಪ್ರದಾಯಿಕ ಬೋಟಿನ ಸೂರು ಬಿದಿರು ಚಾಪೆ ಥರದ್ದು, ಅದು ಸಿಗ್ನಲ್‌ನ ಅಷ್ಟಾಗಿ ತಡೆಯಲ್ಲ. ಫೈಬರ್ ಬೋಟೂ ಪರ್ವಾಗಿಲ್ಲ. ಸ್ಟೀಲ್ ಬೋಟಿನ ಕ್ಯಾಬಿನ್ ಒಳಗೆ ಮಾತ್ರ ಯಾವ ಅಲೇನೂ ಸರಿಯಾಗಿ ನುಗ್ಗಲ್ಲ, ಅಲ್ಲಿ ಹೊರಗೆ ಹಿಡಿದು ವೈರ್‌ನಲ್ಲೇ ಒಳಗೆ ತರ್ಬೇಕು. ಗಾಜಿಗೆ ಲೋಹದ ಸನ್ ಫಿಲ್ಮ್ ಅಂಟಿಸಿದ್ರೂ ಅದೇ ಕಥೆ.

ಲ್ಯಾಪ್‌ಟಾಪ್ ಪಕ್ಕದಲ್ಲಿ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಚುಚ್ಚಿದ್ರೆ ಅದು 2.4 ಗಿಗಾಹರ್ಟ್ಜ್ ವೈಫೈಗೆ ತೊಂದರೆ ಕೊಡತ್ತೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬ್ಯಾಟರಿಲಿ ಓಡುವಾಗ ವಿಂಡೋಸ್ ವೈಫೈ ಶಕ್ತಿನೂ ಉಳಿಸೋಕೆ ನೋಡತ್ತೆ, ಪವರ್ ಸೆಟ್ಟಿಂಗಲ್ಲಿ ವೈರ್‌ಲೆಸ್ ಅಡಾಪ್ಟರ್ ಆಯ್ಕೆ ಕಾಣಿಸಿದ್ರೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್‌ಗೆ ಇಡಿ. ಆ ವೈಫೈನ ಮೀಟರ್ಡ್ ಕನೆಕ್ಷನ್ ಅಂತ ಮಾರ್ಕ್ ಮಾಡಿ, ಅಪ್‌ಡೇಟ್ ಸದ್ಯಕ್ಕೆ ತಡೆ ಹಿಡಿಯಿರಿ, ಒನ್‌ಡ್ರೈವ್, ಗೂಗಲ್ ಡ್ರೈವ್ ಸಿಂಕ್ ನಿಲ್ಸಿ. ಮೀಟಿಂಗಲ್ಲಿ ವಿಡಿಯೋ ಆಫ್. ಬರೀ ಮಾತಿಗೆ 100 ಕೆಬಿಪಿಎಸ್ ಇದ್ರೆ ನಡೆಯತ್ತೆ, ವಿಡಿಯೋ ಹಾಕಿದ ಕೂಡ್ಲೇ ಅದು ಹತ್ತು ಹದಿನೈದು ಪಟ್ಟು ಕೇಳತ್ತೆ.

ಆಂಟೆನಾ ತಗೊಳ್ಳೋದೇ ಆದ್ರೆ

ವರ್ಷಕ್ಕೊಂದ್ಸಲ ಹೋಗೋರು ಇದನ್ನ ಬಿಟ್ಟು ಮುಂದೆ ಹೋಗಿ. ಸ್ವಂತ ಬೋಟ್ ಇರೋರು, ಹೌಸ್‌ಬೋಟ್ ನಡೆಸೋರು ಓದಿ.

ಎಲ್ಲರೂ ಮಾಡೋ ತಪ್ಪು ಏನಂದ್ರೆ, ರೂಟರ್ ಕೆಳಗಿಟ್ಟು ಆಂಟೆನಾ ಮೇಲಿಟ್ಟು ನಡುವೆ ಹತ್ತು ಮೀಟರ್ ಅಗ್ಗದ ಕೇಬಲ್ ಎಳೆಯೋದು. ಆರ್‌ಜಿ 58 ಅನ್ನೋ ತೆಳ್ಳಗಿನ ಕೇಬಲ್ 2300 ಮೆಗಾಹರ್ಟ್ಜ್ ಹತ್ರ ಮೀಟರ್‌ಗೆ ಸುಮಾರು 1 ಡಿಬಿ ತಿಂದು ಹಾಕತ್ತೆ. ಹತ್ತು ಮೀಟರ್ ಅಂದ್ರೆ 10 ಡಿಬಿ, ಮೇಲೆ ಹಿಡಿದಿದ್ರಲ್ಲಿ ಹತ್ತನೇ ಒಂದು ಭಾಗ ಮಾತ್ರ ಕೆಳಗೆ ಬರತ್ತೆ, ಆಂಟೆನಾ ಕೊಟ್ಟ ಲಾಭ ಎಲ್ಲಾ ದಾರೀಲೇ ಮುಗೀತು. ಎಲ್‌ಎಂಆರ್ 400 ಥರದ ದಪ್ಪ ಕೇಬಲ್ ಆದ್ರೆ ಹತ್ತು ಮೀಟರ್‌ಗೆ ಎರಡು ಡಿಬಿ ಚಿಲ್ಲರೆ ಅಷ್ಟೇ, ಆದ್ರೆ ಅದು ದುಬಾರಿ, ಬಗ್ಗಿಸೋದೂ ಕಷ್ಟ. ಇದಕ್ಕಿಂತ ಒಳ್ಳೇದು, ಸಿಮ್ ಹಾಕೋ ಔಟ್‌ಡೋರ್ ರೂಟರ್‌ನೇ ಸೂರಿನ ಮೇಲೆ ಇಟ್ಟು ಅಲ್ಲಿಂದ ಲ್ಯಾನ್ ಕೇಬಲ್ ಕೆಳಗೆ ಬಿಡೋದು. ಲ್ಯಾನ್ ಕೇಬಲ್ 100 ಮೀಟರ್ ತನಕ ಡೇಟಾನ ಹಾಗೇ ತರತ್ತೆ, ಪಿಒಇ ಅನ್ನೋ ಸೌಲಭ್ಯ ಇರೋದಾದ್ರೆ ಕರೆಂಟೂ ಅದರಲ್ಲೇ ಮೇಲೆ ಹೋಗತ್ತೆ.

ಆಂಟೆನಾ ಸುತ್ತಲೂ ಹಿಡಿಯೋ ಓಮ್ನಿ ಥರದ್ದೇ ತಗೊಳ್ಳಿ, ಗೇನ್ (ಸಿಗ್ನಲ್ ಹಿಡಿಯೋ ಬಲ) 4ರಿಂದ 6 ಡಿಬಿಐ ಸಾಕು. ಅಂಗಡಿಯವ್ರು 12 ಡಿಬಿಐ ತೋರಿಸ್ತಾರೆ, ಬೋಟಿಗೆ ಅದು ಬೇಡ, ಅಷ್ಟು ಗೇನ್ ಇರೋ ಓಮ್ನಿ ತಟ್ಟೆ ಥರ ತೆಳ್ಳಗೆ ನೋಡತ್ತೆ, ಬೋಟ್ ಸ್ವಲ್ಪ ವಾಲಿದ್ರೂ ಟವರ್ ತಪ್ಪಿ ಹೋಗತ್ತೆ. ಯಾಗಿ ಥರ ಒಂದೇ ದಿಕ್ಕಿನ ಆಂಟೆನಾ, ಹಿಂದೆ ಮುಂದೆ ಎರಡೂ ಕಡೆ ಹಗ್ಗ ಬಿಗಿದು ಕಟ್ಟಿದ ಬೋಟಿಗೆ ಮಾತ್ರ ಸರಿ, ಒಂದೇ ಹಗ್ಗದಲ್ಲಿ ತೇಲೋ ಬೋಟ್ ಗಾಳಿಗೆ ತಿರುಗ್ತಾನೇ ಇರತ್ತೆ. 4ಜಿಗೆ ಎರಡು ಆಂಟೆನಾ ಬೇಕು, ಒಂದೇ ಹಾಕಿದ್ರೆ ಸ್ಪೀಡ್ ಅರ್ಧ ಕೈ ಬಿಡತ್ತೆ. ಕನೆಕ್ಟರ್‌ಗೆ ಸ್ವಯಂ ಅಂಟೋ ರಬ್ಬರ್ ಟೇಪ್ ಸುತ್ತಿ, ಉಪ್ಪು ಗಾಳಿ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಸತ್ತೆ.

ಮೊಬೈಲ್ ಸಿಗ್ನಲ್ ಬೂಸ್ಟರ್ ಅಂತ ಆನ್‌ಲೈನಲ್ಲಿ ಮಾರೋ ರಿಪೀಟರ್ ತಗೋಬೇಡಿ. ಲೈಸೆನ್ಸ್ ಇಲ್ಲದೆ ಅದನ್ನ ಹಾಕೋದು ನಮ್ಮ ದೇಶದಲ್ಲಿ ಅಪರಾಧ, ಅದು ಸುತ್ತಮುತ್ತಲಿನವರ ನೆಟ್‌ವರ್ಕ್ ಕೂಡ ಕೆಡಿಸತ್ತೆ. ಅಮೆರಿಕದಲ್ಲಿರೋ ನಮ್ಮವರಿಗೆ ಬೇರೆ ನಿಯಮ, ಅಲ್ಲಿ ಎಫ್‌ಸಿಸಿ (ಅಲ್ಲಿನ ಟೆಲಿಕಾಂ ನಿಯಂತ್ರಣ ಸಂಸ್ಥೆ) ಒಪ್ಪಿದ ಬೂಸ್ಟರ್‌ನ ನಿಮ್ಮ ಮೊಬೈಲ್ ಕಂಪನೀಲಿ ನೋಂದಾಯಿಸಿ ಬಳಸ್ಬಹುದು. ಆದ್ರೆ ಅಲ್ಲಿಂದ ಬ್ಯಾಗಲ್ಲಿ ಇಲ್ಲಿಗೆ ತರ್ಬೇಡಿ, ಸ್ಯಾಟಲೈಟ್ ಫೋನಂತೂ ಖಂಡಿತ ಬೇಡ, ಅನುಮತಿ ಇಲ್ಲದೆ ಇಟ್ಕೊಂಡ್ರೆ ಏರ್‌ಪೋರ್ಟಲ್ಲೇ ಕೇಸು.

ಸಮುದ್ರಕ್ಕೆ ಹೋಗೋರಿಗೆ

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಆರೇಳು ಕಿಲೋಮೀಟರ್, ಅಷ್ಟಕ್ಕೆಲ್ಲ ಮೇಲೆ ಹೇಳಿದ್ದೇ ಸಾಕು. ಇನ್ನೂ ಆಚೆ ಹೋದ್ರೆ ಭೂಮಿ ಬಾಗಿರೋದೇ ಅಡ್ಡ ಬರತ್ತೆ. ಲೆಕ್ಕ ಸುಲಭ: ಟವರ್ ಎತ್ತರದ ವರ್ಗಮೂಲ, ನಿಮ್ಮ ಆಂಟೆನಾ ಎತ್ತರದ ವರ್ಗಮೂಲ, ಎರಡನ್ನೂ ಮೀಟರ್‌ನಲ್ಲಿ ತಗೊಂಡು ಕೂಡಿಸಿ 4.12ರಿಂದ ಗುಣಿಸಿ, ಬರೋದು ಕಿಲೋಮೀಟರ್. 40 ಮೀಟರ್ ಟವರ್, ನೀರಿಂದ 4 ಮೀಟರ್ ಮೇಲಿರೋ ಆಂಟೆನಾ ಅಂದ್ರೆ ಸುಮಾರು 34 ಕಿಲೋಮೀಟರ್. ಇದು ಕೊನೇ ಗೆರೆ, ಕೆಲಸಕ್ಕೆ ಬರೋ ನೆಟ್ ಅದಕ್ಕಿಂತ ಬಹಳ ಮುಂಚೆನೇ ನಿಂತು ಹೋಗತ್ತೆ. ಹಾಗಾಗಿ ಮೀಟಿಂಗ್ ಇದ್ರೆ ದಡ ಕಾಣೋ ಹೊತ್ತಲ್ಲೇ ಮುಗಿಸ್ಕೊಳ್ಳಿ. ಮತ್ತೆ ಸಮುದ್ರದಲ್ಲಿ ಜೀವರಕ್ಷಣೆಗೆ ಮೊಬೈಲ್ ನಂಬ್ಕೊಂಡು ಹೋಗಬಾರ್ದು, ಬೋಟಲ್ಲಿ ವಿಎಚ್‌ಎಫ್ ರೇಡಿಯೋ ಇರ್ಲೇಬೇಕು, ಅಪಾಯಕ್ಕೆ ಚಾನೆಲ್ 16.

ಕರೆಂಟ್ ವಿಷಯ ಚಿಕ್ಕದಾಗಿ: ಬೋಟಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟ್, ತುಂಬಾ ರೂಟರ್‌ಗಳೂ 12 ವೋಲ್ಟ್, ಆದ್ರೆ ನೇರ ಚುಚ್ಚಬೇಡಿ, ಚಾರ್ಜ್ ಆಗುವಾಗ ವೋಲ್ಟೇಜ್ 14ರ ಮೇಲೆ ಹೋಗತ್ತೆ, ನಡುವೆ ಒಂದು ರೆಗ್ಯುಲೇಟರ್, ಒಂದು ಫ್ಯೂಸ್ ಹಾಕಿಸಿ. ಹೌಸ್‌ಬೋಟಲ್ಲಿ ಜನರೇಟರ್ ಯಾವಾಗ ಆನ್ ಇರತ್ತೆ ಅಂತ ಹತ್ತಿದ ಕೂಡ್ಲೇ ಕೇಳ್ಕೊಂಡು, ಆ ಹೊತ್ತಲ್ಲೇ ಲ್ಯಾಪ್‌ಟಾಪು ಪವರ್‌ಬ್ಯಾಂಕು ಎರಡೂ ತುಂಬಿಸ್ಕೊಳ್ಳಿ. ಪೌಚನ್ನ ಬಳಸೋಕೆ ಮುಂಚೆ ಒಳಗೆ ಟಿಶ್ಯೂ ಪೇಪರ್ ಹಾಕಿ ಹತ್ತು ನಿಮಿಷ ಬಕೆಟ್ ನೀರಲ್ಲಿ ಮುಳುಗಿಸಿ ನೋಡಿ, ಪೇಪರ್ ಒಣಗೇ ಇದ್ರೆ ಮಾತ್ರ ಫೋನ್ ಹಾಕಿ.